ಜಪಾನಿನಿಂದ ತಂದ ಅರ್ಧ ಪಾಠ

1922ರಲ್ಲಿ ಹೈದರಾಬಾದಿನ ನಿಜಾಮ ಸರಕಾರ ತನ್ನ ಶಿಕ್ಷಣ ಇಲಾಖೆಯ ನಿರ್ದೇಶಕರನ್ನು ಜಪಾನಿಗೆ ಕಳಿಸಿತು. ಅವರ ಹೆಸರು ರಾಸ್ ಮಸೂದ್. ಅಲೀಗಢದ ಸರ್ ಸೈಯದ್ ಅಹಮದ್ ಖಾನರ ಮೊಮ್ಮಗ, ಆಕ್ಸ್‌ಫರ್ಡಿನಲ್ಲಿ ಓದಿದವರು. ಆಗ ನಮ್ಮ ಗುಲಬರ್ಗಾ, ಅಂದರೆ ಇಂದಿನ ಕಲಬುರಗಿ, ನಿಜಾಮರ ರಾಜ್ಯದ ಒಂದು ಸೂಬೆಯ ಕೇಂದ್ರವಾಗಿತ್ತು. ಹುಮನಾಬಾದ್ ಹಾದಿಯಲ್ಲಿರುವ ಕಮಲಾಪುರವೂ ಅದೇ ರಾಜ್ಯದ ಊರು. ಹಾಗಾಗಿ ಮಸೂದರ ಆ ಪ್ರಯಾಣ ನಮ್ಮ ಚರಿತ್ರೆಗೂ ಸೇರಿದ್ದು.

ಜಪಾನೇ ಯಾಕೆ? 1868ರ ಮೇಜಿ ಬದಲಾವಣೆಯ ನಂತರ ಅರ್ಧ ಶತಮಾನದೊಳಗೆ ಆ ದೇಶ ಯುರೋಪಿನ ಸಾಲಿಗೆ ಬಂದು ನಿಂತಿತ್ತು. ಇತ್ತ ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದೊಂದಿಗೆ ಹುಟ್ಟಿತ್ತು. ವೈದ್ಯಕೀಯ, ಎಂಜಿನಿಯರಿಂಗ್‌ನಂಥ ವಿದ್ಯೆಗಳನ್ನು ದೇಶೀ ಭಾಷೆಯಲ್ಲಿ ಕಲಿಸಲು ಆದೀತೇ ಎಂದು ಅನುಮಾನಪಟ್ಟವರು ಬಹಳ. ಜಪಾನಿನಲ್ಲಿ ಮಸೂದರಿಗೆ ಉತ್ತರ ಸಿಕ್ಕಿತು. ಅಲ್ಲಿಯವರು ಮೊದಲು ಪರದೇಶದ ಗುರುಗಳನ್ನು ಕರೆಸಿಕೊಂಡರು, ಅವರ ವಿದ್ಯೆಯನ್ನು ತಮ್ಮ ಭಾಷೆಗೆ ಇಳಿಸಿಕೊಂಡರು, ಆಮೇಲೆ ತಾವೇ ಗುರುಗಳಾದರು. ಇದನ್ನೆಲ್ಲ ಮಸೂದರು 1923ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿವರವಾಗಿ ಬರೆದರು.

ಜನರ ಭಾಷೆಯಲ್ಲಿ ವಿದ್ಯೆ ಎಂಬುದು ಜಪಾನಿನ ಪಾಠ. ಆದರೆ ನಿಜಾಮರ ರಾಜ್ಯದ ಬಹುಪಾಲು ಜನರ ಭಾಷೆ ತೆಲುಗು, ಮರಾಠಿ, ಕನ್ನಡ. ಉರ್ದು ಕಚೇರಿಯ ಭಾಷೆ. ಜಪಾನಿನ ಪಾಠದಲ್ಲಿ ‘ದೇಶೀ ಭಾಷೆ’ ಎಂಬುದನ್ನು ಸರಕಾರ ಓದಿಕೊಂಡಿತು, ‘ಜನರ’ ಎಂಬುದನ್ನು ಬಿಟ್ಟುಬಿಟ್ಟಿತು. ಉರ್ದು ಶಾಲೆಯಲ್ಲಿ ಅಲಿಫ್ ಬೇ ತಿದ್ದಿ ಬೆಳೆದ ನಾವು ಉರ್ದುವಿನ ಮೇಲಿನ ಮುನಿಸಿನಿಂದ ಈ ಮಾತು ಹೇಳುತ್ತಿಲ್ಲ. ಉಸ್ಮಾನಿಯಾದ ತರ್ಜುಮೆ ಇಲಾಖೆ ಆಧುನಿಕ ವಿದ್ಯೆಗಳನ್ನು ಭಾರತೀಯ ಭಾಷೆಯೊಂದಕ್ಕೆ ತಂದದ್ದು ಸಣ್ಣ ಕೆಲಸವಲ್ಲ. ಆದರೆ ಅದರ ಫಲ ಯಾರ ಕೈಗೆ ಎಟುಕಿತು?

ಕಲಬುರಗಿಯ ಎಂ.ಎಸ್.ಕೆ. ಮಿಲ್ಲನ್ನೇ ನೋಡಿ. 1880ರ ದಶಕದಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಹೆಸರಿನಲ್ಲಿ ಶುರುವಾದ ಬಟ್ಟೆ ಗಿರಣಿ ಅದು. ಅಂಥ ಗಿರಣಿಯಲ್ಲಿ ನೂಲು ಹರಿದಾಗ ಕೂಗಿ ಹೇಳುವ ಮಾತು ಕನ್ನಡದ್ದು, ಇಲ್ಲವೇ ದಖನಿಯದ್ದು. ಕನ್ನಡದವನಿಗೆ ಪುಸ್ತಕದ ಉರ್ದು ದೂರವೇ. ದಖನಿ ಆಡುವ ಬಡ ಮುಸಲ್ಮಾನನಿಗೂ ಅದು ಮನೆಯ ಮಾತಲ್ಲ, ದೊಡ್ಡವರ ಮಾತು. ಅರ್ಧ ಪಾಠದ ನಷ್ಟ ಇಬ್ಬರಿಗೂ ಆಯಿತು.

ಜಪಾನಿನವರು ಮುಂದೆ ಈ ಪಾಠವನ್ನು ಕಾರ್ಖಾನೆಯ ಒಳಗೂ ಒಯ್ದರು. 1950ರಲ್ಲಿ ಅಮೆರಿಕದ ಡೆಮಿಂಗ್ ಬಂದು ಅಲ್ಲಿನ ಎಂಜಿನಿಯರುಗಳಿಗೆ, ಮಾಲೀಕರಿಗೆ ಗುಣಮಟ್ಟದ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಆ ವಿದ್ಯೆ ಕೂಲಿಕಾರನವರೆಗೆ ಇಳಿದದ್ದು 1962ರಲ್ಲಿ, ‘ಗೆಂಬಾ ಟು ಕ್ಯೂಸಿ’ ಎಂಬ ಪತ್ರಿಕೆಯ ಮೂಲಕ. ಗೆಂಬಾ ಎಂದರೆ ಕೆಲಸ ನಡೆಯುವ ಜಾಗ. ಪ್ರಾಧ್ಯಾಪಕ ಕಾವೊರು ಇಷಿಕಾವಾ ಮತ್ತು ಸಂಗಡಿಗರು ಕಾರ್ಮಿಕರು ತಮ್ಮ ಕಾಸಿನಿಂದಲೇ ಕೊಳ್ಳಬಹುದಾದ ಬೆಲೆ ಅದಕ್ಕಿರಬೇಕೆಂದರು. ಕಾರ್ಮಿಕರು ಗುಂಪಾಗಿ ಕೂತು ಅದನ್ನು ಓದಿದರು, ತಮ್ಮ ಯಂತ್ರದ ದೋಷಗಳನ್ನು ತಾವೇ ಲೆಕ್ಕ ಹಾಕಿದರು, ಪರಿಹಾರ ಸೂಚಿಸಿದರು. ಲೋಕವೆಲ್ಲ ಹೊಗಳಿದ ‘ಕ್ವಾಲಿಟಿ ಸರ್ಕಲ್’ ಹುಟ್ಟುವಾಗ ಒಂದು ಓದುಕೂಟವಾಗಿತ್ತು.

ಆದರೆ ಜಪಾನಿನದೆಲ್ಲ ಚಿನ್ನವಲ್ಲ. ಅತಿ ದುಡಿತದಿಂದ ಬರುವ ಸಾವಿಗೆ ಅವರ ಭಾಷೆಯಲ್ಲಿ ‘ಕರೋಶಿ’ ಎಂಬ ಪದವೇ ಇದೆ. ಕಲಿಕೆಯ ಹೆಸರಿನಲ್ಲಿ ಪಾಳಿ ಮುಗಿದ ಮೇಲೂ ಕೂರಿಸಿಕೊಳ್ಳುವ ರೂಢಿ ಬೆಳೆಯಿತು. 2007ರಲ್ಲಿ ನಗೋಯಾದ ನ್ಯಾಯಾಲಯ ಕಾರ್ಮಿಕನೊಬ್ಬನ ಸಾವಿನ ಪ್ರಕರಣದಲ್ಲಿ ಇಂಥ ಕೂಟದ ಹೊತ್ತನ್ನೂ ದುಡಿಮೆಯೆಂದೇ ಎಣಿಸಬೇಕೆಂದಿತು. ಜಪಾನಿನ ಹಾದಿ ಹಿಡಿಯುವವರು ಈ ತೀರ್ಪನ್ನೂ ನೆನಪಿಡಬೇಕು.

ನಿಜ ಹೇಳಬೇಕೆಂದರೆ, ಕೆಲಸದ ಜಾಗದಲ್ಲಿ ಕೆಲಸದ ಭಾಷೆಯಲ್ಲೇ ಕಲಿಸುವುದು ಕಲಬುರಗಿಗೆ ಹೊಸದಲ್ಲ. 1422ರಲ್ಲಿ ಇಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ಹೆಸರಿನಲ್ಲಿ ಒಂದು ‘ಚಕ್ಕಿನಾಮಾ’ ಉಳಿದಿದೆ. ಅದು ಅವರದೇ ಹೌದೋ ಅಲ್ಲವೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಬಿಜಾಪುರದ ಸೂಫಿ ಪರಂಪರೆಯಲ್ಲಿಯೂ ಇಂಥ ಹಾಡುಗಳಿವೆ. ಹೆಂಗಸರು ಬೀಸುವಾಗ ಹಾಡುವ ದಖನಿ ಪದಗಳಿವು. ಬೀಸುಕಲ್ಲಿನ ಗೂಟವನ್ನೇ ಅಲಿಫ್ ಅಕ್ಷರವೆಂದು ತೋರಿಸಿ ಧರ್ಮದ ಪಾಠ ಹೇಳುವ ಜಾಣ್ಮೆ ಅವುಗಳದು. ಅರಬಿ ಫಾರಸಿ ಬಲ್ಲ ಸೂಫಿಗಳು ಅಕ್ಷರ ಬಾರದ ಹೆಣ್ಣುಮಗಳನ್ನು ಮದರಸಾಕ್ಕೆ ಕರೆಯಲಿಲ್ಲ. ಮದರಸಾವನ್ನೇ ಅವಳ ಬೀಸುಕಲ್ಲಿನ ಬಳಿಗೆ ತಂದರು. ಪಕ್ಕದ ಮನೆಯ ಕನ್ನಡದ ಹೆಣ್ಣುಮಗಳೂ ಬೀಸುತ್ತ ತನ್ನ ಪದ ಹಾಡಿಕೊಳ್ಳುತ್ತಿದ್ದಳು.

1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿ ಕಚೇರಿಗೆ ಕನ್ನಡ ಬಂತು. ಅರ್ಧ ಪಾಠ ಪೂರ್ತಿಯಾಯಿತೇ? ಕಮಲಾಪುರದ ಕೆಂಪುಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಲ್ಲಿನ ಒಂದು ತೋಟದಲ್ಲಿ ನಾವು ಕಂಡ ಹಿರಿಯರು ಎಲೆಯ ಬಣ್ಣ ನೋಡಿಯೇ ಗಿಡದ ಬೇನೆ ಹೇಳಬಲ್ಲವರು. ಅಕ್ಷರ ಬಾರದು. ಕೈಯಲ್ಲಿದ್ದ ಸರಕಾರಿ ಕರಪತ್ರವನ್ನು ಮೊಮ್ಮಗನಿಗೆ ಕೊಟ್ಟು ಓದಲು ಹೇಳಿದರು. ಹುಡುಗ ‘ಸಮಗ್ರ ಪೋಷಕಾಂಶ ನಿರ್ವಹಣೆ’ ಎಂದು ಓದಿ ನಿಂತುಬಿಟ್ಟ. ‘ಓದ್ಲಾಕ ಬರ್ತದ ಮುತ್ಯಾ, ತಿಳಿವಲ್ದು’ ಎಂದ. ಕನ್ನಡವೇ, ಆದರೆ ಆ ತೋಟದ ಕನ್ನಡವಲ್ಲ. ನಿಜಾಮರ ಕಾಲದ ಗೋಡೆ ಉರ್ದುವಿನದಾಗಿತ್ತು, ಈಗಿನದು ಕನ್ನಡದ್ದು, ಅಷ್ಟೇ ಫರಕು.

2011ರ ಜನಗಣತಿಯ ಪ್ರಕಾರ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇಕಡ 65ರಷ್ಟು. ರಾಜ್ಯದ್ದು 75. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದ ಮೇಲೆ ಸ್ಲೇಟು ಹಿಡಿದ ಎಷ್ಟೋ ಹಿರಿಯರು ಹೆಸರು ಬರೆಯಲು ಕಲಿತರು, ಬಳಿಕ ಓದಲು ಏನೂ ಇಲ್ಲದೆ ಮರೆತರು. ದುಡಿಯುವವನಿಗೆ ಬೇಕಾದದ್ದು ಅವನ ದುಡಿಮೆಯ ಬಗೆಗಿನ ಓದು. ಗ್ಯಾರೇಜಿನ ಹುಡುಗನಿಗೆ ದಖನಿಯಲ್ಲಿ, ಬಾಳೆ ತೋಟದವನಿಗೆ ಕಲಬುರಗಿಯ ಕನ್ನಡದಲ್ಲಿ ವಿವರಿಸಿ ಹೇಳುವ, ದುಡಿಮೆಯ ಹೊತ್ತಿನಲ್ಲೇ ಕೂಲಿ ಕಡಿಯದೆ ನಡೆಯುವ ಓದುಕೂಟಗಳು ನಮ್ಮ ಓಣಿಗಳಲ್ಲಿ ಶುರುವಾಗಲಿ. ಉರ್ದು, ಕನ್ನಡ ಎರಡನ್ನೂ ಓದಿಕೊಂಡ ನಮ್ಮಂಥವರು ಅದಕ್ಕೆ ಮೊದಲು ಕೈ ಹಾಕಬೇಕು. ಆ ಋಣ ನಮ್ಮ ಮೇಲಿದೆ.