ದೇವರ ವರ, ಪೂಜಾರಿಯ ಕೈ: ಉಗಾಂಡಾದ ಶಾಲಾ ಅನುದಾನದ ಒಂದು ಚರಿತ್ರೆ

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ನಾವು ಲೋಕರೂಢಿಯ ವ್ಯಂಗ್ಯವೆಂದು ಮಾತ್ರ ಗ್ರಹಿಸುತ್ತೇವೆ. ಆಡಳಿತದ ಚರಿತ್ರೆಯನ್ನು ಬರೆಯುವವರಿಗೆ ಅದು ವಿಶ್ಲೇಷಣೆಯ ಸೂತ್ರವೂ ಆಗಬಲ್ಲದು. ಅರ್ಥಶಾಸ್ತ್ರಜ್ಞರು ಮಾನವ ಬಂಡವಾಳವೆಂದು ಕರೆಯುವ ಕಲಿಕೆ, ಕೌಶಲ, ಆರೋಗ್ಯಗಳನ್ನು ನಡುವೆ ನಿಂತವನ ಕೈ ಹೇಗೆ ಕುಂಠಿತಗೊಳಿಸುತ್ತದೆ ಎಂಬುದಕ್ಕೆ 1990ರ ದಶಕದ ಉಗಾಂಡಾ ಸ್ಪಷ್ಟ ನಿದರ್ಶನ.

ದೀರ್ಘಕಾಲದ ಅಂತಃಕಲಹದಿಂದ ಜರ್ಜರಿತವಾಗಿದ್ದ ಆ ದೇಶದಲ್ಲಿ 1986ರ ನಂತರದ ಸರ್ಕಾರವು ಪ್ರಾಥಮಿಕ ಶಿಕ್ಷಣದ ವೆಚ್ಚವನ್ನು ಹೆಚ್ಚಿಸಿತು. ಆ ಹಣ ಎಲ್ಲಿ ಹೋಯಿತೆಂದು ಅರಿಯಲು 1996ರಲ್ಲಿ 250 ಶಾಲೆಗಳ ಸಮೀಕ್ಷೆ ನಡೆಯಿತು. ರಿಟ್ವಾ ರೈನಿಕ್ಕಾ ಮತ್ತು ಯಾಕೋಬ್ ಸ್ವೆನ್ಸನ್ ಅವರ ವಿಶ್ಲೇಷಣೆಯಂತೆ, 1991ರಿಂದ 1995ರವರೆಗೆ ಸಂಬಳೇತರ ವೆಚ್ಚಕ್ಕೆಂದು ವಿದ್ಯಾರ್ಥಿಗಳ ಸಂಖ್ಯೆಯ ಆಧಾರದಲ್ಲಿ ಕೇಂದ್ರ ಸರ್ಕಾರ ನೀಡಿದ ಅನುದಾನದಲ್ಲಿ ಶಾಲೆಗಳನ್ನು ತಲುಪಿದುದು ಸರಾಸರಿ ಶೇ. 13 ಮಾತ್ರ. ಬಹುಪಾಲು ಶಾಲೆಗಳಿಗೆ ಏನೂ ತಲುಪಿರಲಿಲ್ಲ. ಉಳಿದುದು ಜಿಲ್ಲಾ ಆಡಳಿತದ ಹಂತದಲ್ಲಿಯೇ ಕರಗಿತ್ತು. ಸ್ಥಿತಿವಂತ ಸಮುದಾಯಗಳ ಶಾಲೆಗಳು ಮಾತ್ರ ಕೇಳಿ, ಜಗ್ಗಾಡಿ ತಮ್ಮ ಪಾಲನ್ನು ಹೆಚ್ಚಾಗಿ ಪಡೆದವು; ಬಡವರಿಗೆ ಕೇಳುವ ಬಲವೇ ಇರಲಿಲ್ಲ. ಭ್ರಷ್ಟಾಚಾರವು ಎಲ್ಲರಿಂದಲೂ ಸಮನಾಗಿ ಕಸಿಯುತ್ತದೆಂಬ ಗ್ರಹಿಕೆ ಇಲ್ಲಿ ನಿಲ್ಲದು. ಶಾಲೆ ನಡೆಸುವ ಹೊರೆ ಪಾಲಕರ ಮೇಲೆ ಬಿದ್ದಾಗ, ಅದನ್ನು ಹೊರಲಾರದ ಮನೆಯ ಮಗುವಿಗೆ ಶಾಲೆ ದೂರವಾಗುತ್ತದೆ. ರಸ್ತೆಯ ಹಣ ಸೋರಿದರೆ ರಸ್ತೆಯನ್ನು ಮುಂದೆಂದಾದರೂ ಕಟ್ಟಬಹುದು. ಎಂಟರ ವಯಸ್ಸಿನ ಮಗುವಿಗೆ ಆ ವರ್ಷ ಮರಳಿ ಬಾರದು.

ತರುವಾಯ ಸರ್ಕಾರವು ಜಿಲ್ಲೆಗಳಿಗೆ ಕಳುಹಿಸಿದ ಮೊತ್ತವನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು. ಬಂದ ಹಣದ ವಿವರವನ್ನು ಶಾಲೆಗಳಲ್ಲಿಯೂ ತೂಗುಹಾಕಬೇಕೆಂದು ವಿಧಿಸಿತು. 2001ರ ವೇಳೆಗೆ ಶೇ. 80ಕ್ಕೂ ಹೆಚ್ಚು ಹಣ ಶಾಲೆ ಮುಟ್ಟುತ್ತಿತ್ತು. ಪತ್ರಿಕೆ ದೊರೆಯುವ ಸ್ಥಳಕ್ಕೆ ಸಮೀಪವಿದ್ದ ಶಾಲೆಗಳಲ್ಲಿ ಸೋರಿಕೆ ಹೆಚ್ಚು ತಗ್ಗಿ, ದಾಖಲಾತಿಯೂ ಏರಿತು. ಆದರೆ 1997ರ ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣ ಯೋಜನೆಯೂ ಹಣಕಾಸಿನ ಇತರ ಸುಧಾರಣೆಗಳೂ ಇದೇ ಕಾಲದವು. ಯಶಸ್ಸನ್ನೆಲ್ಲ ಪತ್ರಿಕೆಗೇ ಸಲ್ಲಿಸಲಾಗದೆಂದು ಪಾಲ್ ಹಬರ್ಡ್ 2007ರಲ್ಲಿ ಎತ್ತಿದ ಆಕ್ಷೇಪ ಒಪ್ಪತಕ್ಕದ್ದು.

ಜಾನಪದ ಅಧ್ಯಯನದಿಂದ ಬಂದ ನನ್ನನ್ನು ಹೆಚ್ಚು ಕಾಡುವುದು ಅಕ್ಷರ ಬಾರದ ಪಾಲಕರ ಪ್ರಶ್ನೆ. ಮುದ್ರಿತ ಲೆಕ್ಕ ಅವರಿಗೆ ಮತ್ತೊಬ್ಬ ಪೂಜಾರಿಯ ಮೂಲಕವೇ ದಕ್ಕಬೇಕು. ಈ ತೊಡಕಿಗೆ ಒಂದು ಉತ್ತರ ನಮ್ಮ ರಾಜಸ್ಥಾನದಲ್ಲಿದೆ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾದಲ್ಲಿ ಆರಂಭಿಸಿದ ಜನಸುನವಾಯಿಗಳಲ್ಲಿ ಕೂಲಿಯ ಹಾಜರಿಪಟ್ಟಿಗಳನ್ನು ಊರವರೆದುರು ಗಟ್ಟಿಯಾಗಿ ಓದಲಾಯಿತು. ಕೇಳಿಸಿಕೊಂಡ ಜನ ಎದ್ದು ನಿಂತು, ಪಟ್ಟಿಯಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಅಲ್ಲಿಯೇ ಹೇಳಿದರು.