ಯಾಕೆ ಬಂದಳು ಎಂಬ ಪ್ರಶ್ನೆಯ ನೂರೈವತ್ತು ವರ್ಷ

ಬೆಂಗಳೂರಿನ ದಂಡು ಪ್ರದೇಶದಲ್ಲಿ ಲೈಂಗಿಕ ವೃತ್ತಿಯ ಹೆಂಗಸರ ಲೆಕ್ಕ ಇಟ್ಟವರು ಸೈನ್ಯದ ವೈದ್ಯರು. 1864ರ ಕಂಟೋನ್ಮೆಂಟ್ ಕಾಯ್ದೆ, 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಗಳ ಕಾಲದಲ್ಲಿ ಹೆಸರು ನೋಂದಾಯಿಸಿ, ತಪಾಸಣೆ ಮಾಡಿ, ರೋಗ ಕಂಡರೆ ‘ಲಾಕ್ ಆಸ್ಪತ್ರೆ’ಯಲ್ಲಿ ಕೂಡಿಹಾಕುತ್ತಿದ್ದರು. ಸಿಪಾಯಿಯ ಆರೋಗ್ಯ ಕೆಡಬಾರದು, ಅಷ್ಟೇ ಅವರ ಚಿಂತೆ. ಆಕೆ ಯಾವ ಊರು ಬಿಟ್ಟು ಬಂದಳು, ಗಂಡ ಏನಾದ, ಮಕ್ಕಳು ಎಲ್ಲಿ ಎಂಬುದು ಅವರಿಗೆ ಬೇಕಿರಲಿಲ್ಲ.

‘ಯಾಕೆ’ ಎಂಬ ಪ್ರಶ್ನೆ ಹುಟ್ಟಿದಾಗ ಸಿಕ್ಕ ಉತ್ತರ ದೇವದಾಸಿ ಪದ್ಧತಿ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. 1934ರಲ್ಲಿ ಮುಂಬಯಿ, 1947ರಲ್ಲಿ ಮದ್ರಾಸು, 1982ರಲ್ಲಿ ಕರ್ನಾಟಕ ಕಾಯ್ದೆ ತಂದವು. ಪುಣೇಕರ್ ಮತ್ತು ಕಮಲಾ ರಾವ್ 1962ರಲ್ಲಿ ಪ್ರಕಟಿಸಿದ ಮುಂಬಯಿ ಅಧ್ಯಯನದಲ್ಲೂ ದೇವದಾಸಿಯರ ಪಾಲು ದೊಡ್ಡದಿತ್ತು. ಹಾಗಾಗಿ ಮೂಢನಂಬಿಕೆ ಅಳಿದರೆ ಸಮಸ್ಯೆಯೂ ಅಳಿಯುತ್ತದೆ ಎಂದು ನಂಬುವುದು ಸುಲಭವಾಯಿತು. ಆದರೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ 1993–94ರ ಸಮೀಕ್ಷೆ 22,873 ದೇವದಾಸಿಯರನ್ನು ಗುರುತಿಸಿತು. 2007–08ರ ಸಮೀಕ್ಷೆ ಇನ್ನೂ 23,787 ಹೆಸರು ಸೇರಿಸಿತು. ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು ಬಹುಪಾಲು ಪರಿಶಿಷ್ಟ ಜಾತಿಯ, ಭೂಮಿಯಿಲ್ಲದ ಮನೆಗಳ ಹೆಣ್ಣುಮಕ್ಕಳು. ಬೆಳಗಾವಿ ಸೀಮೆಯಲ್ಲಿ ಅಧ್ಯಯನ ಮಾಡಿದ ಲುಸಿಂಡಾ ರ‍್ಯಾಂಬರ್ಗ್ ತಮ್ಮ 2014ರ ಪುಸ್ತಕದಲ್ಲಿ ತೋರಿಸಿದಂತೆ, ಇಂಥ ಮಗಳು ತವರಿಗೆ ಗಂಡುಮಗನ ಸ್ಥಾನದಲ್ಲಿ ನಿಂತು ಮನೆ ನಡೆಸುತ್ತಾಳೆ. ದೇವಿಯ ಹೆಸರಿನ ಕೆಳಗೆ ಹಸಿವಿನ ಲೆಕ್ಕವೂ ಇತ್ತು.

ಎಚ್‌ಐವಿ ಬಂದ ಮೇಲೆ ಸಂಶೋಧನೆಗೆ ಹಣ ಹರಿದುಬಂತು. 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಕಾರ್ಯಕ್ರಮ ಶುರುವಾಯಿತು. ಈ ಅವಧಿಯ ಬರಹಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಜೇಮ್ಸ್ ಬ್ಲಾಂಚರ್ಡ್ ಮತ್ತು ಸಂಗಡಿಗರ 2005ರ ಪ್ರಬಂಧ. ಕರ್ನಾಟಕದ 1,588 ಮಹಿಳೆಯರನ್ನು ಮಾತಾಡಿಸಿದ ಈ ಅಧ್ಯಯನದಲ್ಲಿ ದೇವದಾಸಿ ದಾರಿಯಿಂದ ಬಂದವರು ಶೇ. 26 ಮಾತ್ರ. ಉಳಿದ ಮುಕ್ಕಾಲು ಪಾಲು ಹೆಂಗಸರಿಗೆ ಮುತ್ತು ಕಟ್ಟಿರಲೇ ಇಲ್ಲ. ದೇವದಾಸಿಯರು ಸರಾಸರಿ 15.7ನೇ ವಯಸ್ಸಿಗೆ ಈ ವೃತ್ತಿಗೆ ಬಿದ್ದರೆ, ಇತರರು 21.8ಕ್ಕೆ.

ಆ ಆರು ವರ್ಷಗಳ ಅಂತರದಲ್ಲಿ ಏನೆಲ್ಲ ನಡೆದಿರುತ್ತದೆ ಎಂದು ಯೋಚಿಸಿ ನೋಡಿ. ನಮ್ಮ ಹಳ್ಳಿಗಳಲ್ಲಿ ಆ ವಯಸ್ಸಿನೊಳಗೆ ಮದುವೆಯಾಗಿರುತ್ತದೆ, ಒಂದೆರಡು ಹೆರಿಗೆಯಾಗಿರುತ್ತದೆ. ಗಂಡ ಕುಡಿತಕ್ಕೆ ಬಿದ್ದಿರಬಹುದು, ಇನ್ನೊಬ್ಬಳನ್ನು ಕಟ್ಟಿಕೊಂಡಿರಬಹುದು, ಸತ್ತಿರಬಹುದು. ತವರಿನ ಬಾಗಿಲು ಹಬ್ಬಕ್ಕೆ ತೆರೆದಷ್ಟು ಸುಲಭವಾಗಿ ಗಂಡ ಬಿಟ್ಟವಳಿಗೆ ತೆರೆಯುವುದಿಲ್ಲ. ಸಾಂಕ್ರಾಮಿಕ ರೋಗ ತಜ್ಞರು ಸೋಂಕಿನ ಅಪಾಯ ಅಳೆಯಲು ಬರೆದಿಟ್ಟ ಈ ಅಂಕಿಯಲ್ಲಿ ಮುರಿದ ಸಂಸಾರಗಳ ಚರಿತ್ರೆ ಅಡಗಿದೆ. ಅದನ್ನು ಹಾಗೆ ಓದಲು ನಾವು ತಡಮಾಡಿದೆವು.

ಇದೇ ಹೊತ್ತಿಗೆ ಇನ್ನೊಂದು ಧಾರೆ ಕಳ್ಳಸಾಗಣೆಯ ಕಡೆ ಹೊರಳಿತ್ತು. ಸಾಗಾಟ ತಡೆಯುವ 1956ರ ಕಾಯ್ದೆ ಅದಾಗಲೇ 1986ರ ತಿದ್ದುಪಡಿಯಿಂದ ಅನೈತಿಕ ಸಾಗಾಟ ತಡೆ ಕಾಯ್ದೆಯಾಯಿತು. ಹುಡುಗಿಯರನ್ನು ಮಾರಿದ ಪ್ರಕರಣಗಳು ನಿಜ, ಘೋರ. ಅಲ್ಲಿ ಪೊಲೀಸ್ ಕೆಲಸ ಬೇಕೇ ಬೇಕು. ಆದರೆ ಮಾರಾಟಗಾರನನ್ನೇ ಹುಡುಕುವ ಕಣ್ಣಿಗೆ, ಯಾರೂ ಮಾರದೆ ಸಾಲವೇ ಎಳೆದುತಂದ ಹೆಂಗಸು ಕಾಣುವುದಿಲ್ಲ.

ಆಕೆಯನ್ನು ದುಡಿಯುವವಳಾಗಿ ಕಂಡ ಅಧ್ಯಯನಗಳು ಬಂದದ್ದು ಸಂಘಟನೆಗಳ ಬೆನ್ನಿಗೆ. ಸಾಂಗ್ಲಿಯ ವ್ಯಾಂಪ್, ಮೈಸೂರಿನ ಆಶೋದಯ, ಬೆಂಗಳೂರಿನ ಸ್ವಾತಿ ಮಹಿಳಾ ಸಂಘ, 2006ರ ಕರ್ನಾಟಕ ಸೆಕ್ಸ್ ವರ್ಕರ್ಸ್ ಯೂನಿಯನ್ ಇವೆಲ್ಲ ಹೆಂಗಸರು ತಮ್ಮ ಮಾತು ತಾವೇ ಆಡುವಂತೆ ಮಾಡಿದವು. 2011ರಲ್ಲಿ ರೋಹಿಣಿ ಸಾಹ್ನಿ ಮತ್ತು ಕಲ್ಯಾಣ್ ಶಂಕರ್ 14 ರಾಜ್ಯಗಳ ಸುಮಾರು 3,000 ಮಹಿಳೆಯರ ಸಮೀಕ್ಷೆ ಹೊರತಂದರು. ಸರಿಸುಮಾರು ಅರ್ಧದಷ್ಟು ಮಂದಿ ಈ ವೃತ್ತಿಗೂ ಮೊದಲು ಮನೆಗೆಲಸ, ಕೂಲಿ, ಕಟ್ಟಡ ಕೆಲಸದಂಥ ಬೇರೆ ದುಡಿಮೆ ಮಾಡಿದ್ದವರು. ಸ್ವಾತಿ ಶಾ ಅವರ 2014ರ ಪುಸ್ತಕ ಮುಂಬಯಿಯ ಕೂಲಿಕಾರರು ನಿಲ್ಲುವ ನಾಕಾಗಳಲ್ಲೇ ನಿಂತು ನೋಡಿತು: ಬೆಳಗ್ಗೆ ಮೇಸ್ತ್ರಿಗಾಗಿ ಕಾಯುವ ಜಾಗದಲ್ಲೇ ಈ ವ್ಯವಹಾರವೂ ಸದ್ದಿಲ್ಲದೆ ಕುದುರುತ್ತಿತ್ತು. ಪಶ್ಚಿಮ ಕೀನ್ಯಾದಲ್ಲಿ ರಾಬಿನ್ಸನ್ ಮತ್ತು ಯೇ ಎಂಬ ಅರ್ಥಶಾಸ್ತ್ರಜ್ಞರು ಹೆಂಗಸರಿಂದ ದಿನಚರಿ ಬರೆಸಿದರು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದ ದಿನ ಕಾಂಡೋಮ್ ಇಲ್ಲದ ಸಂಪರ್ಕ ಹೆಚ್ಚುತ್ತಿತ್ತು, ಅದಕ್ಕೆ ಹೆಚ್ಚು ದುಡ್ಡು ಸಿಗುತ್ತಿದ್ದ ಕಾರಣಕ್ಕೆ.

ದುಡಿಮೆಯ ಈ ಕಣ್ಣಿನಿಂದ ಬೆಂಗಳೂರಿನ ಬೆಳ್ಳಂದೂರನ್ನು ನೋಡಬೇಕು. ಸುಮಾರು 900 ಎಕರೆಯ ಕೆರೆಯ ನೀರಿನಲ್ಲಿ ಭತ್ತ, ತರಕಾರಿ ಬೆಳೆಯುತ್ತಿದ್ದ ಊರಿದು. ಹೊರವರ್ತುಲ ರಸ್ತೆ, ಐಟಿ ಪಾರ್ಕುಗಳು ಬಂದಮೇಲೆ ಗದ್ದೆ ಮಾರಿದವರಿಗೆ ಹಣ ಬಂತು, ಬಾಡಿಗೆ ಬಂತು. ಆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವಳಿಗೆ ಏನೂ ಬರಲಿಲ್ಲ. ಈಗ ಕರಿಯಮ್ಮನ ಅಗ್ರಹಾರ, ದೇವರಬೀಸನಹಳ್ಳಿಗಳ ತಗಡಿನ ಶೆಡ್ಡುಗಳಲ್ಲಿ ಉತ್ತರ ಕರ್ನಾಟಕದಿಂದಲೂ ಈಶಾನ್ಯದಿಂದಲೂ ಬಂದ ಸಂಸಾರಗಳಿವೆ. ಗಂಡಸರಿಗೆ ಕಟ್ಟಡ, ಕಸ ವಿಂಗಡಣೆ. ಹೆಂಗಸರಿಗೆ ಅಪಾರ್ಟ್‌ಮೆಂಟಿನ ಮನೆಗೆಲಸ. ಅವರಲ್ಲಿ ಹೆಚ್ಚಿನವರು ಹೀಗೇ ದುಡಿದು ಬದುಕುತ್ತಾರೆ. ಆದರೆ ಈ ಬದುಕಿನ ಕಟ್ಟೆ ಎಷ್ಟು ತೆಳು ನೋಡಿ. ಮಗುವಿಗೆ ಡೆಂಗಿ ಬಂದು ಹತ್ತು ದಿನ ಹೋಗದಿದ್ದರೆ ಮನೆಯವರು ಇನ್ನೊಬ್ಬಳನ್ನು ಇಟ್ಟುಕೊಂಡಿರುತ್ತಾರೆ. ಸಂಬಳ ನಿಂತರೂ ಶೆಡ್ಡಿನ ಬಾಡಿಗೆ, ನೀರಿನ ದುಡ್ಡು, ಸಂಘದ ವಾರದ ಕಂತು ನಿಲ್ಲುವುದಿಲ್ಲ. ಕಂತಿಗೆ ಕೈಸಾಲ, ಕೈಸಾಲಕ್ಕೆ ಬಡ್ಡಿ. ಬಡ್ಡಿಯವನೋ ಪರಿಚಯದ ಹೆಂಗಸೋ ಈ ವೃತ್ತಿಯ ದಾರಿ ತೋರಿಸುವುದು ಆಗ. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿತು. ಕೆಲಸ ಕೊಡುವವರಲ್ಲಿ ಎಷ್ಟು ಮಂದಿ ಆ ಆದೇಶವನ್ನು ನೆನೆಯುತ್ತಾರೆ?

2020ರ ಜನವರಿಯಲ್ಲಿ, ಇಲ್ಲಿರುವವರು ಬಾಂಗ್ಲಾದೇಶಿಗಳು ಎಂಬ ಗುಲ್ಲಿನ ನಡುವೆ ಈ ಭಾಗದ ಹಲವು ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಪ್ರಕರಣ ಹೈಕೋರ್ಟಿಗೆ ಹೋಗಿ, ಕೋರ್ಟು ಸರ್ಕಾರವನ್ನೂ ಪಾಲಿಕೆಯನ್ನೂ ತರಾಟೆಗೆ ತೆಗೆದುಕೊಂಡಿತು. ಎರಡು ತಿಂಗಳಿಗೆ ಲಾಕ್‌ಡೌನ್ ಬಂತು. ಅಪಾರ್ಟ್‌ಮೆಂಟುಗಳು ಗೇಟು ಹಾಕಿಕೊಂಡವು.

ಬೆಂಗಳೂರಿಗೆ ಮುಂಬಯಿಯ ಕಾಮಾಟಿಪುರದಂಥ ಕೇರಿಯಿಲ್ಲ. ಹಿಂದಿನ ಎಣಿಕೆಗಳು ಮೆಜೆಸ್ಟಿಕ್, ಮಾರ್ಕೆಟ್ಟು, ಕಲಾಸಿಪಾಳ್ಯದಂಥ ಜಾಗಗಳನ್ನು ಹಿಡಿದು ನಡೆದವು. ಮೊಬೈಲ್ ಬಂದಮೇಲೆ ರಸ್ತೆಬದಿ ನಿಲ್ಲುವ ಅಗತ್ಯ ಕುಗ್ಗಿ, ವೃತ್ತಿ ನಗರದ ಅಂಚಿನ ಬಾಡಿಗೆ ಮನೆಗಳಿಗೂ ಹಂಚಿಹೋಯಿತು. ಇದರಿಂದ ಪೊಲೀಸರ ಲಾಠಿ ತುಸು ದೂರವಾಯಿತು. ಕಾಂಡೋಮ್ ಹಂಚುವ ಕಾರ್ಯಕರ್ತೆಯೂ ದೂರವಾದಳು.

ನಟಿ ಜಯಮಾಲಾ ಅಧ್ಯಕ್ಷತೆಯ ಸಮಿತಿ 2017ರಲ್ಲಿ ರಾಜ್ಯ ಸರ್ಕಾರಕ್ಕೆ ವರದಿ ಕೊಟ್ಟು ಈ ಮಹಿಳೆಯರ ಬದುಕಿನ ಸ್ಥಿತಿಯನ್ನು ಮುಂದಿಟ್ಟಿತು. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಅವರ ಘನತೆಯ ಹಕ್ಕನ್ನು ಎತ್ತಿಹಿಡಿದು, ವಿಳಾಸದ ದಾಖಲೆ ಇಲ್ಲದಿದ್ದರೂ ಆಧಾರ್ ಸಿಗುವ ದಾರಿ ಮಾಡಿತು. ಆಧಾರ್ ಇಲ್ಲದೆ ಪಡಿತರ ಚೀಟಿಯಾಗಲಿ ಬ್ಯಾಂಕ್ ಖಾತೆಯಾಗಲಿ ಕಷ್ಟ, ಹಾಗಾಗಿ ಇದು ಸಣ್ಣ ಮಾತಲ್ಲ.

ಬಲವಂತವೋ, ಸ್ವಂತ ಆಯ್ಕೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. ನನಗನಿಸುವಂತೆ ಆ ವಾದಕ್ಕಿಂತ ತುರ್ತಾಗಿ ಬೇಕಾದದ್ದು ಬೇರೆ ಬಗೆಯ ಪ್ರಶ್ನಾವಳಿ. ಇದಕ್ಕೆ ಮುಂಚೆ ಯಾವ ಕೆಲಸದಲ್ಲಿದ್ದಿರಿ, ಅದು ಯಾವ ತಿಂಗಳು ಹೋಯಿತು, ಆಗ ಯಾರಿಗೆ ಕಾಯಿಲೆಯಿತ್ತು, ಸಾಲ ಎಷ್ಟಿತ್ತು, ಶೆಡ್ಡು ಕಿತ್ತಾಗ ಎಲ್ಲಿ ಮಲಗಿದಿರಿ, ನಡುವೆ ಎಷ್ಟು ಸಲ ಈ ವೃತ್ತಿ ಬಿಟ್ಟು ಮತ್ತೆ ಬಂದಿರಿ. ಒಂದೇ ಭೇಟಿಯಲ್ಲಿ ಮುಗಿಸದೆ ವರ್ಷಗಟ್ಟಲೆ ಅದೇ ಹೆಂಗಸರ ಜೊತೆ ಮಾತಾಡಿ ಇದನ್ನು ಬರೆದುಕೊಳ್ಳಬೇಕು. ಅದನ್ನು ಆರೋಗ್ಯ ಇಲಾಖೆಯ ಜೊತೆಗೆ ಕಾರ್ಮಿಕ ಇಲಾಖೆಯೂ ಓದಬೇಕು.