ತಿರುಚಿನಾಪಳ್ಳಿ ವಿವಾದ (1751–1755)

ಎರಡನೇ ಕರ್ನಾಟಿಕ್ ಯುದ್ಧದ ನಡುವೆ ತಿರುಚಿನಾಪಳ್ಳಿ ಕೋಟೆಗಾಗಿ ಮೈಸೂರು, ಆರ್ಕಾಟಿನ ನವಾಬ ಮಹಮ್ಮದ್ ಅಲಿ ಮತ್ತು ಇಂಗ್ಲಿಷ್ ಕಂಪನಿಯ ಮಧ್ಯೆ ಎದ್ದ ತಕರಾರು. ಮೊದಲಿಗೆ ಮೂವರೂ ಒಂದೇ ಪಕ್ಷದವರು.

1751ರಲ್ಲಿ ನವಾಬಗಿರಿಗೆ ಪೈಪೋಟಿಗಿಳಿದಿದ್ದ ಚಂದಾ ಸಾಹೇಬನೂ ಅವನ ಬೆಂಬಲಕ್ಕಿದ್ದ ಫ್ರೆಂಚರೂ ಮುತ್ತಿಗೆ ಹಾಕಿದಾಗ ಮಹಮ್ಮದ್ ಅಲಿ ಆ ಕೋಟೆಯೊಳಗೇ ಸಿಕ್ಕಿಬಿದ್ದಿದ್ದ. ನೆರವಿಗೆ ಬಂದರೆ ಕೋಟೆಯನ್ನೇ ಬಿಟ್ಟುಕೊಡುವುದಾಗಿ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನಿಗೆ ಮಾತು ಕೊಟ್ಟ. ಅರಸು ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗಷ್ಟೇ. ಆಡಳಿತವೆಲ್ಲ ನಂಜರಾಜಯ್ಯ ಮತ್ತು ಅವನ ಅಣ್ಣ ದಳವಾಯಿ ದೇವರಾಜಯ್ಯನದು. ಅಣ್ಣನಿಗೆ ಈ ದಂಡಯಾತ್ರೆ ಹಿಡಿಸಲಿಲ್ಲ. ತಮ್ಮ ಕೇಳಲಿಲ್ಲ, ಗುತ್ತಿಯ ಮುರಾರಿರಾಯನ ಮರಾಠಾ ಕುದುರೆ ದಂಡನ್ನೂ ಹಣ ಕೊಟ್ಟು ಕೂಡಿಸಿಕೊಂಡು ಹೊರಟ.

1752ರ ಜೂನ್‌ನಲ್ಲಿ ಶ್ರೀರಂಗಂ ದ್ವೀಪದಲ್ಲಿದ್ದ ಫ್ರೆಂಚರು ಶರಣಾದರು, ಚಂದಾ ಸಾಹೇಬನ ತಲೆ ಉರುಳಿತು. ನಂಜರಾಜಯ್ಯ ಕೋಟೆ ಕೇಳಿದ. ನವಾಬನ ಉತ್ತರ ವಿಚಿತ್ರವಾಗಿತ್ತು: ಕೋಟೆ ಮೊಗಲ್ ಬಾದಶಹನದು, ಅದನ್ನು ದಾನ ಮಾಡಲು ತಾನು ಯಾರು? ಮುತ್ತಿಗೆಯಲ್ಲಿ ಕಂಗೆಟ್ಟು ಕೂತಿದ್ದಾಗ ಈ ಬಾದಶಹ ಅವನಿಗೆ ನೆನಪಾಗಿರಲಿಲ್ಲ. ಕಂಪನಿಯವರು ಕರಾರು ನಮ್ಮದಲ್ಲವೆಂದರು. ಆದರೆ ಕೋಟೆಯ ಕಾವಲು ಅವರ ಕ್ಯಾಪ್ಟನ್ ಡಾಲ್ಟನ್‌ನ ಕೈಯಲ್ಲೇ ಉಳಿಯಿತು. ಎರಡು ತಿಂಗಳ ವಾಯಿದೆ, ಶ್ರೀರಂಗದ ಉತ್ಪನ್ನ, ಕೋಟೆಯೊಳಗೆ 700 ಮೈಸೂರು ಸೈನಿಕರಿಗೆ ಜಾಗ: ಇಷ್ಟಕ್ಕೆ ಮೈಸೂರನ್ನು ಸಮಾಧಾನಪಡಿಸಿದರು. ನಂಬಿ ಬಂದವನಿಗೆ ಆದ ಈ ಮೋಸ ಸಣ್ಣದಲ್ಲ. ಹಾಗೆಂದು ನಂಜರಾಜಯ್ಯನೂ ಸುಮ್ಮನಿರಲಿಲ್ಲ. ಕಾವಲಿನವರಿಗೆ ಲಂಚ ಕೊಟ್ಟು ಕೋಟೆ ಹಿಡಿಯಲು ನೋಡಿದ, ಒಳಗೊಳಗೇ ಪುದುಚೇರಿಯ ಫ್ರೆಂಚ್ ಗವರ್ನರ್ ಡೂಪ್ಲೆಯೊಡನೆ ಮಾತುಕತೆ ನಡೆಸಿದ. 1753ರ ಹೊತ್ತಿಗೆ ಬಹಿರಂಗವಾಗಿ ಫ್ರೆಂಚರ ಕಡೆ ಸೇರಿ, ತಾನೇ ಉಳಿಸಿದ್ದ ಕೋಟೆಗೆ ಮುತ್ತಿಗೆ ಹಾಕಿದ.

ಮೈಸೂರಿನವರು ಬಿಡಾರ ಹೂಡಿದ್ದು ಶ್ರೀರಂಗದಲ್ಲಿ. ತಮ್ಮ ಶ್ರೀರಂಗಪಟ್ಟಣದಂತೆಯೇ ಕಾವೇರಿ ಸುತ್ತುವರಿದ ದ್ವೀಪ, ಅಲ್ಲೂ ರಂಗನಾಥ. ಎದುರು ದಡದಲ್ಲಿ ಬಂಡೆಯ ಮೇಲಿನ ಕೋಟೆ ದಿನವೂ ಕಣ್ಣಿಗೆ ಬೀಳುತ್ತಿತ್ತು, ಕೈಗೆ ಸಿಗಲಿಲ್ಲ.

1754ರಲ್ಲಿ ಡೂಪ್ಲೆಯನ್ನು ಫ್ರಾನ್ಸ್ ವಾಪಸು ಕರೆಸಿಕೊಂಡಿತು. ಅವನ ಜಾಗಕ್ಕೆ ಬಂದ ಗೊಡೆಹು ಇಂಗ್ಲಿಷರೊಡನೆ ರಾಜಿಯಾದ. ಆ ರಾಜಿ ತನಗೆ ಅನ್ವಯಿಸದೆಂದು ನಂಜರಾಜಯ್ಯ ಒಬ್ಬನೇ ಉಳಿದ. ನಿಜಾಮ ಸಲಾಬತ್ ಜಂಗ್ ಮತ್ತು ಫ್ರೆಂಚ್ ಸೇನಾನಿ ಬುಸ್ಸಿ ಕಪ್ಪ ಕೇಳಿಕೊಂಡು ಶ್ರೀರಂಗಪಟ್ಟಣದತ್ತ ಬರುತ್ತಿರುವ ಸುದ್ದಿ ಮುಟ್ಟಿದ ಮೇಲೆ, 1755ರಲ್ಲಿ ಬರಿಗೈಯಲ್ಲಿ ಊರಿಗೆ ಮರಳಿದ.

ಖಜಾನೆ ಬರಿದಾಗಿತ್ತು. ಸಂಬಳ ಕಾಣದ ಸೈನಿಕರು 1758ರಲ್ಲಿ ಅವನ ಮನೆ ಬಾಗಿಲಲ್ಲೇ ಧರಣಿ ಕೂತರು. ಬಾಕಿ ತೀರಿಸುವ ಹೊಣೆ ಹೊತ್ತವನು ತಿರುಚಿನಾಪಳ್ಳಿಯಲ್ಲಿ ಅವನ ಕೈಕೆಳಗೆ ಕಾದಾಡಿದ್ದ ಹೈದರ್ ಅಲಿ.